ನಗಾರಿಯವನ ಮುಖ

ನನ್ನ ಮೈದುನನ ಕೈಕೆಳಗೆ ಸಾವಿರಾರು ಸೈನಿಕರಿದ್ದರು; ಅವನಿಗೆ ಮಾತ್ರ ಮನೆಯ ಮೆಟ್ಟಿಲಿಳಿಯುವ ತ್ರಾಣವಿರಲಿಲ್ಲ. ಈ ಚೋದ್ಯವನ್ನು ಮೊದಲು ಕಂಡವರು ನನ್ನ ಯಜಮಾನರು. ತಮ್ಮನಿಗೆ ‘ದಂಡನಾಯಕ’ ಎಂದು ಅಡ್ಡಹೆಸರಿಟ್ಟು, ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು. ಅವರು ತೀರಿಕೊಂಡರು, ಅಡ್ಡಹೆಸರು ಉಳಿಯಿತು, ಅಂಗಡಿ ನನ್ನ ತಲೆಗೆ ಬಂತು.

ನಮ್ಮದು ಬೆರಳುದ್ದದ ಸೈನಿಕರನ್ನು ಮಾರುವ ಅಂಗಡಿ. ಕಂಪನಿಯಿಂದ ಬೂದು ಪ್ಲಾಸ್ಟಿಕ್ಕಿನ ಕೈ, ಕಾಲು, ತಲೆಗಳು ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬರುತ್ತವೆ. ಅವನ್ನು ಅಂಟಿಸಬೇಕು, ಬಣ್ಣ ಹಚ್ಚಬೇಕು, ಮೇಜಿನ ಮೇಲೆ ದಳ ಕಟ್ಟಿ ನಿಲ್ಲಿಸಿ, ದಾಳ ಉರುಳಿಸಿ ಯುದ್ಧ ಮಾಡಬೇಕು. ಮೀಸೆ ನರೆತವರು ಆಡುವ ಆಟ ಇದು. ಮದುವೆಯ ಹೊಸದರಲ್ಲಿ ನನ್ನ ಅಮ್ಮ ಬಂದು ನೋಡಿ, "ಹೋಗಿ ಹೋಗಿ ಗೊಂಬೆ ಮಾರೋನಿಗೆ ಕೊಟ್ಟೆನಲ್ಲೇ ನಿನ್ನ" ಎಂದು ಮೂಗು ಮುರಿದಿದ್ದಳು. ಆಗ ನಾನೂ ಮೂಗು ಮುರಿದವಳೇ. ಆಮೇಲೆ ಆ ಗೊಂಬೆಗಳೇ ನಮ್ಮ ಹೊಟ್ಟೆ ಹೊರೆದವು.

ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಏಣಿಯಷ್ಟು ಕಡಿದಾದ ಮರದ ಮೆಟ್ಟಿಲು. ಮೇಲಿನ ಕಿಟಕಿಯ ಪಕ್ಕ ದಂಡನಾಯಕನ ಮೇಜು. ಎಳೆಯ ವಯಸ್ಸಿನಲ್ಲಿ ಬಂದ ಕಾಯಿಲೆಯೊಂದು ಅವನ ಶ್ವಾಸಕೋಶವನ್ನು ತಿಂದುಹಾಕಿತ್ತು. ಮೂಗಿಗೆ ಕೊಳವೆ, ಕೊಳವೆಯ ಇನ್ನೊಂದು ತುದಿಗೆ ಹಗಲಿರುಳು ಗುರುಗುಟ್ಟುವ ಆಮ್ಲಜನಕದ ಯಂತ್ರ. ಕೊಳವೆ ಎಷ್ಟು ಉದ್ದವೋ ಅವನ ಪ್ರಪಂಚ ಅಷ್ಟೇ ಉದ್ದ: ಮೇಜು, ಹಾಸಿಗೆ, ಬಚ್ಚಲು, ಮೆಟ್ಟಿಲ ತಲೆ. ಆದರೆ ಕೈ ಮಾತ್ರ ನಡುಗುತ್ತಿರಲಿಲ್ಲ. ಕಡಲೆಕಾಳಿಗಿಂತ ಚಿಕ್ಕ ಮುಖಕ್ಕೆ ರೆಪ್ಪೆ ಬರೆಯುತ್ತಿದ್ದ ಪುಣ್ಯಾತ್ಮ.

ಅವನದೊಂದು ಪದ್ಧತಿ ಇತ್ತು. ಬಣ್ಣ ಹಚ್ಚಿಸಿಕೊಳ್ಳುವ ಪ್ರತಿ ಗಿರಾಕಿಯ ದಳದಲ್ಲೂ ಒಬ್ಬ ಸೈನಿಕನಿಗೆ ಆ ಗಿರಾಕಿಯದೇ ಮುಖ. ಫೋಟೊ ಕಳಿಸುತ್ತೇವೆ ಎಂದರೆ ಬೇಡವೆನ್ನುತ್ತಿದ್ದ. "ಫೋನ್ ಮಾಡಿ. ನಿಮ್ಮ ಮುಖ ಹೇಗಿದೆ ಅಂತ ಬಾಯಲ್ಲಿ ಹೇಳಿ." ಜನ ಹೇಳುತ್ತಿದ್ದರು. ಮೂಗು ಸ್ವಲ್ಪ ದಪ್ಪ, ಕೆನ್ನೆಯ ಮೇಲೆ ಸುಟ್ಟ ಕಲೆ ಎಂದು ಹಿಂಜರಿಯುತ್ತ ಶುರುಮಾಡಿ, ಆ ಕಲೆ ಹೇಗಾಯಿತು, ಆಗ ಅಮ್ಮ ಎಷ್ಟು ಅತ್ತಳು, ಅಮ್ಮ ಈಗಿಲ್ಲ ಎನ್ನುವವರೆಗೆ ಹೋಗುತ್ತಿದ್ದರು. ಎಲ್ಲೆಲ್ಲಿಯವರೋ. ಹೊಸಿಲು ದಾಟದ ಮೈದುನನಿಗೆ ನನಗಿಂತ ದೊಡ್ಡ ಬಳಗವಿತ್ತು. ಬೋಳುತಲೆಯವರೊಬ್ಬರು "ನನಗಂತೂ ಇಲ್ಲ, ನನ್ನ ಸೈನಿಕನಿಗಾದ್ರೂ ಕೂದಲು ಕೊಡಿ ಸ್ವಾಮಿ" ಎಂದು ಬೇಡಿಕೊಂಡಾಗ ಇವನು ನಗಲು ಹೋಗಿ ಉಸಿರು ಕಟ್ಟಿ, ನಾನು ಓಡಿ ಬಂದು ಬೆನ್ನು ನೀವಬೇಕಾಯಿತು.

ಆ ಫೋನೇ ಅವನ ಜೀವ ಎಂದು ನನಗೆ ಗೊತ್ತಿತ್ತು. ಕಂಪನಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೂ ಅದಕ್ಕೇನು.

ಹೊಸ ನಿಯಮ ಇಮೇಲಿನಲ್ಲಿ ಬಂತು. ಇನ್ನು ಮುಂದೆ ಅಂಗಡಿಯವರು ಯಾರೂ ಆನ್‌ಲೈನ್‌ನಲ್ಲಿ ಮಾರುವಂತಿಲ್ಲ. ವೆಬ್‌ಸೈಟಿನಲ್ಲಿ ಸೈನಿಕರ ಚಿತ್ರ ಹಾಕುವಂತಿಲ್ಲ, ಫೋನಿನಲ್ಲಿ ಆರ್ಡರ್ ಹಿಡಿಯುವಂತಿಲ್ಲ, ಕೊರಿಯರ್ ಮಾಡುವಂತಿಲ್ಲ. ಗಿರಾಕಿ ಅಂಗಡಿಗೇ ಬಂದು ಎದುರು ನಿಂತು ಕೊಳ್ಳಬೇಕು. ತಪ್ಪಿದರೆ ಸರಕು ಬಂದ್. ಕಾರಣವನ್ನೂ ಬಹಳ ಅಕ್ಕರೆಯಿಂದ ಕೊಟ್ಟಿದ್ದರು: ಜನ ಅಂಗಡಿಗೆ ಬರಲಿ, ಮೇಜಿನ ಸುತ್ತ ಸೇರಲಿ, ಒಬ್ಬರ ಮುಖ ಒಬ್ಬರು ನೋಡಲಿ, ನಿಮ್ಮಂಥ ಚಿಕ್ಕ ಅಂಗಡಿಗಳು ಬಾಳಲಿ ಎಂದು. ಕೊನೆಯಲ್ಲಿ, ಕಂಪನಿಯ ಸ್ವಂತ ವೆಬ್‌ಸೈಟ್ ಎಂದಿನಂತೆ ನಡೆಯುತ್ತದೆ ಎಂದಿತ್ತು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ.

ನಮ್ಮ ಅಂಗಡಿಗೆ ಯಾರು ಬರುತ್ತಾರೆ? ಗೋದಾಮುಗಳ ಹಿಂದಿನ ಬೀದಿ. ಎದುರಿಗೆ ಪಂಕ್ಚರ್ ಹಾಕುವವನು, ಪಕ್ಕದಲ್ಲಿ ಬಾಗಿಲು ಮುಚ್ಚಿದ ಲಾಂಡ್ರಿ. ದಾರಿ ತಪ್ಪಿದವರು ಮಾತ್ರ ಒಳಗೆ ಬಂದು ಬಸ್ ನಿಲ್ದಾಣ ಎಲ್ಲಿ ಎಂದು ಕೇಳುತ್ತಾರೆ. ಕಂಪನಿಗೆ ಫೋನ್ ಮಾಡಿ ಮೈದುನನ ಸ್ಥಿತಿಯನ್ನೆಲ್ಲ ಹೇಳಿಕೊಂಡೆ. ಆ ಕಡೆಯ ಹುಡುಗಿ ತಾಳ್ಮೆಯಿಂದ ಕೇಳಿಸಿಕೊಂಡು, "ನಿಯಮ ಎಲ್ಲರಿಗೂ ಒಂದೇ ಮೇಡಂ" ಎಂದಳು. ಆನೆಗೂ ಇರುವೆಗೂ ಒಂದೇ ಅಳತೆಯ ಚಪ್ಪಲಿ ಹೊಲಿಯುವ ಜನ.

ಚಿತ್ರಗಳನ್ನೆಲ್ಲ ತೆಗೆದೆ. ಮೈದುನನಿಗೆ ಕಟ್ಟುನಿಟ್ಟಾಗಿ ಹೇಳಿದೆ: "ಯಾರೇ ಫೋನ್ ಮಾಡಲಿ, ಅಂಗಡಿಗೆ ಬನ್ನಿ ಅನ್ನು. ಪಾಪ ಪುಣ್ಯ ಅಂತ ಕರಗಬೇಡ. ಸರಕು ನಿಂತರೆ ನಾವು ಬೀದಿಗೆ ಬೀಳ್ತೀವಿ."

"ಆಯ್ತು ಅತ್ತಿಗೆ."

ಹಾಗೇ ಹೇಳಿದ. ಸಮುದ್ರದಾಚೆಯವರಿಗೂ ಅಂಗಡಿಗೆ ಬನ್ನಿ ಎಂದ. ಅವರು ನಕ್ಕರು, ಆಮೇಲೆ ಬೇಜಾರು ಮಾಡಿಕೊಂಡರು, ಆಮೇಲೆ ಫೋನ್ ಮಾಡುವುದನ್ನೇ ಬಿಟ್ಟರು. ಮೇಲಿನ ಕೋಣೆಯಲ್ಲಿ ಯಂತ್ರದ ಗುರುಗುರು ಒಂದೇ ಉಳಿಯಿತು. ಅವನು ತನ್ನ ಹಳೆಯ ಸೈನಿಕರ ಮುಖ ಒರೆಸುತ್ತಿದ್ದ, ಮತ್ತೆ ಬರೆಯುತ್ತಿದ್ದ, ಮತ್ತೆ ಒರೆಸುತ್ತಿದ್ದ. ತಟ್ಟೆಯಲ್ಲಿ ಹಾಕಿದ್ದು ಹಾಕಿದ ಹಾಗೇ ಇರುತ್ತಿತ್ತು. ನನಗೆ ಅಂಗಡಿಯ ಚಿಂತೆಗಿಂತ ಆ ತಟ್ಟೆಯ ಚಿಂತೆಯೇ ದೊಡ್ಡದಾಯಿತು.

ಒಂದು ಸಂಜೆ ಊಟ ತೆಗೆದುಕೊಂಡು ಹೋದರೆ ಮುಖ ಅರಳಿಸಿಕೊಂಡು ಕೂತಿದ್ದ.

"ಅತ್ತಿಗೆ, ಒಂದು ಕೆಲಸ ಮಾಡಿದ್ದೀನಿ. ಬೈಬೇಡಿ."

ಬೈಯಬೇಡಿ ಎಂದ ಮೇಲೆ ಬೈಯುವ ಕೆಲಸವೇ. ಯಾರೋ ಫೋನ್ ಮಾಡಿದ್ದರಂತೆ. ಅಪಘಾತವಾಗಿ ಹಾಸಿಗೆ ಹಿಡಿದವರು, ಎದ್ದು ನಿಲ್ಲಲಾರದವರು. ಅವರ ಬಳಿ ಇಡೀ ದಳವಿದೆ, ನಗಾರಿ ಬಾರಿಸುವವನೊಬ್ಬನಿಲ್ಲ. ಈ ಆಟದಲ್ಲಿ ನಗಾರಿಯವನಿಲ್ಲದ ದಳ ಮುಂದಕ್ಕೆ ನಡೆಯುವಂತಿಲ್ಲ. ಇಟ್ಟ ಜಾಗದಲ್ಲೇ ನಿಂತು ಹೊಡೆತ ತಿನ್ನಬೇಕು. ಮೈದುನ ತನ್ನಲ್ಲಿದ್ದ ಒಬ್ಬ ನಗಾರಿಯವನಿಗೆ ಬಣ್ಣ ಹಚ್ಚಿ, ಔಷಧಿ ತಂದುಕೊಡಲು ಮೇಲೆ ಬಂದ ಕೊರಿಯರಿನವನ ಕೈಯಲ್ಲೇ ಕಳಿಸಿಬಿಟ್ಟಿದ್ದ.

"ನಿನಗೆ ಎಷ್ಟು ಸಲ ಹೇಳಿದ್ದೆ! ಬೇಕಿದ್ರೆ ಅವರು ಕಂಪನಿ ವೆಬ್‌ಸೈಟಲ್ಲಿ ತರಿಸ್ಕೊಳ್ಳಲಿ!"

"ಅಲ್ಲಿ ಮುಖ ಬರೆಯೋರು ಯಾರಿದ್ದಾರೆ?" ಎಂದ. ನಾನು ಕೆಂಡವಾಗಿದ್ದರೂ ಅವನಿಗೆ ಲಕ್ಷ್ಯವಿರಲಿಲ್ಲ. "ಎಡಗಿವಿ ತುದಿ ಹರಿದಿದೆಯಂತೆ ಅತ್ತಿಗೆ, ಚಿಕ್ಕವರಿದ್ದಾಗ ನಾಯಿ ಕಚ್ಚಿದ್ದು. ಗದ್ದದ ಮೇಲೆ ಮಚ್ಚೆ. ಹುಬ್ಬು ಎರಡೂ ಕೂಡಿಕೊಂಡಿವೆ. ಮುಖ ಹೇಗಿದೆ ಅಂತ ಕೇಳಿದಾಗ ತುಂಬಾ ಹೊತ್ತು ಸುಮ್ಮನಿದ್ರು. ಪಾಪ, ಕನ್ನಡಿ ನೋಡಿ ಎಷ್ಟು ಕಾಲವಾಗಿತ್ತೋ."

ಬೈದು ಬೈದು ಸುಸ್ತಾಗಿ ಕೆಳಗಿಳಿದೆ. ಒಬ್ಬ ನಗಾರಿಯವನು, ಯಾರ ಕಣ್ಣಿಗೆ ಬೀಳುತ್ತಾನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವತ್ತು ಅವನು ತಟ್ಟೆ ಖಾಲಿ ಮಾಡಿದ್ದ. ಅದರ ಮುಂದೆ ನನ್ನ ಕೋಪ ಎಷ್ಟು ಹೊತ್ತು ನಿಂತೀತು? ಆಮೇಲೆ ಆ ರೋಗಿಯ ಫೋನಿಗಾಗಿ ಕಾಯತೊಡಗಿದ. "ತಲುಪಿತೋ ಇಲ್ವೋ ಅಂತ ಒಂದು ಮಾತಿಲ್ಲ ಅತ್ತಿಗೆ. ಮೈಗೆ ಹುಷಾರಿದ್ದಾರೋ ಇಲ್ವೋ."

ಕೆಲವು ದಿನ ಕಳೆದು, ಇಸ್ತ್ರಿ ಮಾಡಿದ ಅಂಗಿಯವನೊಬ್ಬ ಅಂಗಡಿಗೆ ಬಂದ. ಗಿರಾಕಿ ಬಂದನೆಂದು ನಾನು ಲಗುಬಗೆಯಿಂದ ಕುರ್ಚಿ ಒರೆಸಿದೆ. ಅವನು ಕೂರಲಿಲ್ಲ. ಕಂಪನಿಯ ತಪಾಸಣೆಯವನು ಎಂದು ಗುರುತಿನ ಚೀಟಿ ತೋರಿಸಿ, ಚೀಲದಿಂದ ಪುಟ್ಟ ಡಬ್ಬಿ ತೆಗೆದು, ಅದರೊಳಗಿದ್ದುದನ್ನು ಗಾಜಿನ ಮೇಲೆ ನಿಲ್ಲಿಸಿದ.

"ಇದು ನಿಮ್ಮಲ್ಲಿಂದ ಬಂದದ್ದಲ್ವಾ ಮೇಡಂ?"

ಕೆಂಪು ಅಂಗಿಯ ನಗಾರಿಯವನು. ಬಗ್ಗಿ ನೋಡಿದೆ. ಎಡಗಿವಿಯ ತುದಿ ಹರಿದಿತ್ತು, ಗದ್ದದಲ್ಲಿ ಮಚ್ಚೆ, ಕೂಡಿದ ಹುಬ್ಬು. ತಲೆಯೆತ್ತಿದೆ. ಎದುರಿಗೆ ನಿಂತವನಿಗೂ ಎಡಗಿವಿ ಹರಿದಿತ್ತು, ಗದ್ದದಲ್ಲಿ ಮಚ್ಚೆಯಿತ್ತು, ಹುಬ್ಬು ಕೂಡಿತ್ತು. ನನ್ನ ಮೈಯೆಲ್ಲ ಉರಿದುಹೋಯಿತು.

"ಹಾಸಿಗೆ ಹಿಡಿದೋರು ನೀವೇನಾ?"

ಅವನು ಗಾಜಿನ ಕಡೆ ನೋಡುತ್ತ ಹೇಳಿದ: "ಎಲ್ಲಾ ಅಂಗಡಿಗೂ ಇದೇ ಕಥೆ ಹೇಳ್ತೀವಿ. ಏನು ಹೇಳಬೇಕು ಅಂತ ಕಂಪನಿಯವರೇ ಬರೆದುಕೊಡ್ತಾರೆ. ಬೇರೆಯವರೆಲ್ಲ, ಆಗಲ್ಲ ಸಾರ್, ಅಂಗಡಿಗೆ ಬನ್ನಿ ಅಂತ ಫೋನ್ ಇಟ್ಟರು."

"ಮುಖಾನೂ ಬರೆದುಕೊಟ್ಟಿದ್ರಾ?"

"ಇಲ್ಲ. ಅದನ್ನ ಯಾರೂ ಕೇಳಲ್ಲ ಮೇಡಂ. ಇವರು ಕೇಳಿಬಿಟ್ಟರು. ತಕ್ಷಣಕ್ಕೆ ಏನೂ ಹೊಳೀಲಿಲ್ಲ."

ಇವತ್ತಿನಿಂದ ಸರಕು ಬಂದ್, ಅಂಗಡಿಯಲ್ಲಿ ಇರುವುದನ್ನು ವ್ಯಾನು ಬಂದು ವಾಪಸ್ ಒಯ್ಯುತ್ತದೆ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದ. ಅವನ ಜನ್ಮ ಜಾಲಾಡಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲು ಕಿರುಗುಟ್ಟಿತು.

ಮೈದುನ ಕೊಳವೆ ಕಿತ್ತುಹಾಕಿ ಇಳಿಯುತ್ತಿದ್ದ. ಮಗು ಇಳಿಯುವ ಹಾಗೆ, ಒಂದೊಂದು ಮೆಟ್ಟಿಲಿಗೂ ಕೂತು, ಜಾರಿ, ಮತ್ತೆ ಕೂತು. ಓಡಿಹೋಗಿ ತೋಳು ಹಿಡಿದೆ. ತುಟಿ ನೀಲಿಗಟ್ಟಿತ್ತು. "ಆ ದನಿ... ಅವರದೇ ಅತ್ತಿಗೆ" ಎಂದು ಏದುಸಿರಲ್ಲಿ ಹೇಳಿದ. ಯಂತ್ರದ ಗುರುಗುರಿನಲ್ಲಿ ಮೇಲಕ್ಕೆ ದನಿ ಕೇಳಿಸಿತ್ತು, ಮಾತು ತಿಳಿದಿರಲಿಲ್ಲ. ನನ್ನ ಭುಜದ ಮೇಲಿಂದ ಆ ಮನುಷ್ಯನ ಕಿವಿ ನೋಡಿದ, ಗದ್ದ ನೋಡಿದ. ಅಣ್ಣ ಹೋದ ಮೇಲೆ ಆ ಮುಖದಲ್ಲಿ ಅಂಥ ಸಂತೋಷವನ್ನು ನಾನು ಕಂಡೇ ಇರಲಿಲ್ಲ.

"ಎದ್ದು ನಿಂತಿದ್ದೀರಲ್ಲ! ನಡೆಯೋ ಹಾಗಾಯ್ತಾ?"

ತಪಾಸಣೆಯವನು ನನ್ನ ಮುಖ ನೋಡಿದ.

"ಹೌದು" ಎಂದ. "ಈಗ ಪರವಾಗಿಲ್ಲ."

"ನಗಾರಿಯವನು ತಲುಪಿದನಾ? ದಳ ನಡೀತಾ?"

"ನಡೀತು."

ಮೈದುನ ಅವನ ಎರಡೂ ಕೈ ಹಿಡಿದುಕೊಂಡ. ಅವನು ಮೆಲ್ಲಗೆ ಕೈ ಬಿಡಿಸಿಕೊಂಡು, ಚೀಲ ಎತ್ತಿಕೊಂಡು, ಹಿಂತಿರುಗಿ ನೋಡದೆ ಹೊರಟುಹೋದ. ಅವನ ಆ ಸುಳ್ಳು ಕರುಣೆ ಎಂದು ಪಂಕ್ಚರಿನವನು ಆಮೇಲೆ ಹೇಳಿದ. ನನ್ನನ್ನು ಕೇಳಿದರೆ ಶುದ್ಧ ಹೇಡಿತನ.

ನಗಾರಿಯವನು ಗಾಜಿನ ಮೇಲೇ ಉಳಿದಿದ್ದ.

"ಮರೆತು ಹೋದ್ರು ಅತ್ತಿಗೆ. ಬೇಗ ಕೂಗಿ ಕರೀರಿ" ಎಂದು ಮೈದುನ ಅದನ್ನು ಎತ್ತಿಕೊಂಡ. ಮಾಡಿದ ಗೊಂಬೆಯನ್ನು ಕೈಗೆತ್ತಿಕೊಂಡರೆ ತಿರುಗಿಸಿ ಅಡಿ ನೋಡುವುದು ಅವನ ಅಭ್ಯಾಸ. ತಿರುಗಿಸಿದ. ಅಡಿಯಲ್ಲಿ ಕಂಪನಿಯ ಮುದ್ರೆಯ ಚೀಟಿ ಅಂಟಿತ್ತು: ನಿಯಮ ಉಲ್ಲಂಘನೆ, ಸಾಕ್ಷಿ, ಕೆಳಗೆ ನಮ್ಮ ಅಂಗಡಿಯ ಹೆಸರು. ಅಷ್ಟನ್ನು ಓದಲು ಅವನಿಗೆ ಬಹಳ ಹೊತ್ತು ಹಿಡಿಯಿತು.

"ಕೂಗಬೇಡಿ" ಎಂದ.

ಇಳಿದವನು ಮತ್ತೆ ಹತ್ತಲು ಆಗಲಿಲ್ಲ. ಪಂಕ್ಚರಿನವನೂ ನಾನೂ ಸೇರಿ ಯಂತ್ರವನ್ನು ಕೆಳಗೆ ತಂದೆವು, ಆಟದ ಮೇಜಿನ ಜಾಗದಲ್ಲಿ ಹಾಸಿಗೆ ಹಾಕಿದೆವು. ವ್ಯಾನು ಬಂದಾಗ ಅವನು ಮಲಗಿದ್ದಂತೆಯೇ ಸುತ್ತಲಿನ ಕಪಾಟುಗಳು ಖಾಲಿಯಾದವು. ಹೊರುವವರು ಅವನನ್ನು ದಾಟಿಕೊಂಡೇ ಓಡಾಡಿದರು. ಒಬ್ಬ, "ಸ್ವಲ್ಪ ಕಾಲು ಮಡಚ್ಕೊಳ್ಳಿ ಸಾರ್" ಎಂದ, ಇವನು ಮಡಚಿಕೊಂಡ. ಬಣ್ಣ, ಕುಂಚ ಕೆಳಗೆ ತರಲೇ, ಬೇರೆ ಯಾವುದಾದರೂ ಗೊಂಬೆ ತರಿಸಲೇ ಎಂದು ಎಷ್ಟೋ ಸಲ ಕೇಳಿದೆ. ಗೋಡೆಯ ಕಡೆ ತಿರುಗಿಕೊಂಡ. ಮಾತು ಕಡಿಮೆಯಾಯಿತು, ತಟ್ಟೆ ಮತ್ತೆ ಹಾಕಿದ ಹಾಗೇ ಉಳಿಯತೊಡಗಿತು. ಕಣ್ಣೆದುರೇ ಮನುಷ್ಯ ಕರಗುತ್ತಿದ್ದಾನೆ, ನನ್ನ ಕೈಯಲ್ಲಿ ಏನೂ ಆಗುತ್ತಿಲ್ಲ.

ನಿನ್ನೆ ಮಧ್ಯಾಹ್ನ ಫೋನ್ ಬಂತು. ಹೊಸ ದನಿ, ಹೆಂಗಸು. ಯಾರೋ ಹಳೆಯ ಗಿರಾಕಿ ನಂಬರ್ ಕೊಟ್ಟರಂತೆ. ಕಂಪನಿಯದಲ್ಲ, ಅವಳ ಅಪ್ಪ ಮರದಲ್ಲಿ ಕೆತ್ತಿದ ಸೈನಿಕರಂತೆ, ಅಪ್ಪ ಈಗಿಲ್ಲವಂತೆ, ಒಬ್ಬನಿಗೆ ಅಪ್ಪನ ಮುಖ ಬೇಕಂತೆ. ಹಾಸಿಗೆಯ ಪಕ್ಕ ಕೂತು ಫೋನನ್ನು ಅವನ ಕಿವಿಯ ಹತ್ತಿರ ಹಿಡಿದೆ.

"ಮುಖ ಹೇಳ್ತಾರಂತೆ ಕಣೋ. ಸ್ವಲ್ಪ ಕೇಳು."

ಅವನು ಫೋನನ್ನು ನೋಡಿದ, ನನ್ನನ್ನು ನೋಡಿದ. ನಡುಗದ ಆ ಕೈಯಿಂದ ಮೆಲ್ಲಗೆ ಅದನ್ನು ಆಚೆ ತಳ್ಳಿದ.

"ಬೇಡ ಅತ್ತಿಗೆ. ಹೇಳಿದ್ರೆ ನಂಬಿಬಿಡ್ತೀನಿ."

ಅಂಗಡಿ ಮುಚ್ಚಿದೆ ಎಂದು ಹೇಳಿ ನಾನು ಫೋನ್ ಇಟ್ಟೆ.