ಪರಸ್ತಾನಕ್ಕಿಟ್ಟ ಬ್ಯಾಗು

ಹಾಸ್ಟೆಲಿನವರು ಕಳಿಸಿದ್ದ ಪಟ್ಟಿಯಲ್ಲಿ ಇಪ್ಪತ್ತಮೂರು ಸಾಮಾನಿದ್ದವು. ವನಿತಾಳ ಹತ್ತಿರ ಇದ್ದದ್ದು ಒಂದೇ ಬ್ಯಾಗು. ಪಟ್ಟಿ ಬರೆದ ಪುಣ್ಯಾತ್ಮರು ಬಾಗಲೂರಿಂದ ಮಧುರೈಗೆ ಬಸ್ಸು ಬದಲಿಸಿ ಬದಲಿಸಿ ಬರುವವರನ್ನು ಕಂಡವರಲ್ಲ. ಬಕೆಟ್ಟನ್ನೂ ಸೇರಿಸಿದ್ದರು. ಭಾನುವಾರ ಬೆಳಗ್ಗೆಯಿಂದ ಅವಳು ಮಂಚದ ಮೇಲೆ ಬಟ್ಟೆಬರೆ ಹರಡಿಕೊಂಡು ಒಂದನ್ನು ಇಡುವುದು, ಇನ್ನೊಂದನ್ನು ತೆಗೆಯುವುದು ಮಾಡುತ್ತಿದ್ದಳು. ಬಕೆಟ್ಟಿನ ಆಸೆಯನ್ನು ಮೊದಲೇ ಬಿಟ್ಟಿದ್ದಳು.

ಆದರೆ ಅವಳ ಚಿಂತೆ ಸಾಮಾನಿನದಲ್ಲ. ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಕಾಲೇಜಿನಲ್ಲಿ ಹಾಜರಾಗದಿದ್ದರೆ ಸೀಟು ಕೈತಪ್ಪುತ್ತದೆ. ಅದಕ್ಕೆ ಮಂಗಳವಾರವೇ ಹೊರಡಬೇಕು. ಅವರ ಬೀದಿಯಲ್ಲಿ ಮಂಗಳವಾರ ಯಾರೂ ದೂರದ ಊರಿಗೆ ಹೊರಡುವುದಿಲ್ಲ. ಹೊರಡಲೇಬೇಕಾಗಿ ಬಂದರೆ ಹಿರಿಯರು ಒಂದು ದಾರಿ ಮಾಡಿಟ್ಟಿದ್ದಾರೆ: ಎರಡು ದಿನ ಮುಂಚೆ, ಒಳ್ಳೆ ಹೊತ್ತು ನೋಡಿ, ತುಂಬಿದ ಬ್ಯಾಗನ್ನು ಎದುರುಮನೆಯಲ್ಲಿ ಇಟ್ಟುಬರುವುದು. ಅದಕ್ಕೆ ಪರಸ್ತಾನ ಇಡುವುದು ಅನ್ನುತ್ತಾರೆ. ಬ್ಯಾಗು ಹೊಸಿಲು ದಾಟಿತೆಂದರೆ ಪ್ರಯಾಣ ಶುರುವಾದ ಲೆಕ್ಕ. ಆಮೇಲೆ ಮನುಷ್ಯ ಯಾವ ವಾರ ಹೊರಟರೂ ದೋಷವಿಲ್ಲ. ಹಾಗೆ ಇಟ್ಟ ಬ್ಯಾಗು ಮಾತ್ರ ಊರಿಗೆ ಹೋಗದೆ ಮನೆಗೆ ವಾಪಸು ಬರಬಾರದು.

ಎರಡು ವರ್ಷದ ಹಿಂದೆ ವನಿತಾಳ ಅಣ್ಣ ಚಿರಂಜೀವಿಗೆ ಸೇಲಂನಲ್ಲಿ ಪಾಲಿಟೆಕ್ನಿಕ್ ಸೀಟು ಸಿಕ್ಕಿತ್ತು. ಅವನದೂ ಮಂಗಳವಾರದ ಪ್ರಯಾಣವೇ. ಭಾನುವಾರ ಪರಸ್ತಾನ ಇಟ್ಟರು. ಸೋಮವಾರ ಬೈಕಿನಲ್ಲಿ ಹೊಸೂರಿಗೆ ಹೋದವನು ಬರುವಾಗ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ತೀರಿಕೊಂಡ. ಆ ಸಂಕಟದಲ್ಲಿ ಬ್ಯಾಗಿನ ಮಾತನ್ನು ಯಾರೂ ಎತ್ತಲಿಲ್ಲ. ಯಾರಿಗಾದರೂ ಕೊಟ್ಟುಬಿಟ್ಟಿರಬೇಕು ಎಂದು ವನಿತಾ ಅಂದುಕೊಂಡಿದ್ದಳು.

"ಅಮ್ಮಾ, ನಾಕೂವರೆಗೆ ರಾಹುಕಾಲ. ಅಷ್ಟರೊಳ್ಗೆ ಬ್ಯಾಗ್ ಇಟ್ಟು ಬಂದ್ಬುಡ್ತೀನಿ" ಅಂದಳು.

ಕಮಲಮ್ಮ ಹೊಸಿಲ ಹತ್ತಿರ ಕೂತು ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ. "ಪರಸ್ತಾನ ಬ್ಯಾಡ."

"ಹಂಗಾರೆ ಮಂಗಳವಾರ ಸುಮ್ನೆ ಹೊರಟೋಗ್ಲಾ?"

"ಮಂಗಳವಾರಾನೂ ಬ್ಯಾಡ."

"ನಾಳೆ ಹೋದ್ರೆ ಎಲ್ಲಿ ಮಲಗ್ಲಿ? ಹಾಸ್ಟೆಲ್ ಬಾಗ್ಲು ತೆಗಿಯೋದೇ ಬುಧವಾರ."

ಕಮಲಮ್ಮ ಕಲ್ಲೊಂದನ್ನು ಆರಿಸಿ ಅಂಗಳಕ್ಕೆ ಎಸೆದಳು. ಅಪ್ಪ ಮುನಿಶಾಮಪ್ಪ ಬೆಳಗ್ಗೆ ಫ್ಯಾಕ್ಟರಿಯ ಓಟಿ ಡ್ಯೂಟಿಗೆ ಹೊರಡುವಾಗ, "ನಿಮ್ಮಮ್ಮ ಒಪ್ಪಿದ್ರೆ ನಂದೇನೂ ಇಲ್ಲ" ಎಂದು ಹೇಳಿ ಜಾರಿಕೊಂಡಿದ್ದ. ಗಂಡಸರು ಇಂಥ ಹೊತ್ತಿಗೆ ಓಟಿ ಹುಡುಕಿಕೊಳ್ಳುವುದು ಹೊಸದೇನಲ್ಲ. ವನಿತಾಳಿಗೆ ಸಿಟ್ಟು ಬಂತು. ರಾತ್ರಿಹಗಲು ಓದಿ ಪಡೆದ ಸೀಟು ಅಮ್ಮನ ಮೊರದಲ್ಲೇ ಮುಗಿದುಹೋಗುತ್ತದೇನೋ ಅನ್ನಿಸಿ, ಬರಿಗೈಯಲ್ಲಿ ಎದ್ದು ಎದುರುಮನೆಗೆ ನಡೆದಳು.

ಎದುರುಮನೆಯ ರಾಮಕ್ಕ ಎಪ್ಪತ್ತು ದಾಟಿದ ಮುದುಕಿ. ಬೀದಿಯ ಅರ್ಧ ಜನರ ಬ್ಯಾಗುಗಳು ಅವಳ ನಡುಮನೆಯಲ್ಲಿ ಎರಡು ದಿನ ಕೂತು ಎದ್ದುಹೋಗಿವೆ. ವನಿತಾ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ನಿಮ್ಮಮ್ಮನ ಮ್ಯಾಲೆ ರೇಗಬ್ಯಾಡ. ಬಾ ಇಲ್ಲಿ" ಎಂದು ಒಳಕೋಣೆಗೆ ಕರೆದುಕೊಂಡು ಹೋದಳು.

ಬೆಂಚಿನ ಮೇಲೆ, ಒಗೆದ ಟವೆಲು ಹೊದ್ದುಕೊಂಡು, ಚಿರಂಜೀವಿಯ ನೀಲಿ ಬ್ಯಾಗು ಕೂತಿತ್ತು. ಒಂದು ಚೂರು ದೂಳಿಲ್ಲ.

"ನಿಮ್ಮಮ್ಮ ಭಾನುವಾರ ಭಾನುವಾರ ಬತ್ತಾಳೆ. ಒರೆಸ್ತಾಳೆ, ಒಂದು ಗಳಿಗೆ ಕೂತ್ಕೊತಾಳೆ, ಹೋಯ್ತಾಳೆ. ಹೊರಟಿರೋ ಬ್ಯಾಗು, ಮನೆಗೆ ತಕೊಂಡೋಗಂಗಿಲ್ಲ ಅಂತಾಳೆ. ಯಾರಿಗಾನಾ ಕೊಡು ಅಂದ್ರೆ ಅಳ್ತಾಳೆ."

ಪ್ರತಿ ಭಾನುವಾರ ಅಮ್ಮ "ಮಜ್ಜಿಗೆ ಇಸ್ಕೊಂಡು ಬತ್ತೀನಿ" ಎಂದು ಚೊಂಬು ಹಿಡಿದು ಇಲ್ಲಿಗೆ ಬರುತ್ತಿದ್ದಳು. ಖಾಲಿ ಚೊಂಬು ಹಿಡಿದೇ ಮನೆಗೆ ಮರಳುತ್ತಿದ್ದಳು. ರಾಮಕ್ಕನ ಎಮ್ಮೆ ಇನ್ನೂ ಕರು ಹಾಕಿಲ್ವಾ ಎಂದು ವನಿತಾ ಹಾಸ್ಯ ಮಾಡಿದ್ದೂ ಉಂಟು. ಈಗ ಅದು ನೆನಪಾಗಿ ಅವಳಿಗೆ ನಾಚಿಕೆಯಾಯಿತು, ದುಃಖ ಒತ್ತರಿಸಿ ಬಂತು. ಟವೆಲಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಮನೆಗೆ ಬಂದು ಅಮ್ಮನ ಎದುರು ಕುಕ್ಕುರುಗಾಲಲ್ಲಿ ಕೂತಳು.

"ಅಮ್ಮಾ, ನನ್ ಬ್ಯಾಗ್ ಹೊಸಿಲು ದಾಟೋದು ಬ್ಯಾಡ. ಅಣ್ಣನ ಬ್ಯಾಗು ಆಗ್ಲೇ ಹೊರಟದಲ್ಲ, ಅದನ್ನೇ ತಕೊಂಡೋಯ್ತೀನಿ."

ರಾಗಿಯಲ್ಲಿ ಆಡುತ್ತಿದ್ದ ಕೈ ನಿಂತಿತು. "ಸತ್ತೋನ ಬ್ಯಾಗು ಕಣೇ ಅದು."

"ನಮ್ಮಣ್ಣನ ಬ್ಯಾಗು. ಎಷ್ಟು ದಿನ ಅಂತ ಅಲ್ಲೇ ಕೂತಿರ್ತದೆ?"

ಕಮಲಮ್ಮ ಮತ್ತೆ ಕಲ್ಲು ಆರಿಸತೊಡಗಿದಳು. ಗಡಿಯಾರದಲ್ಲಿ ಮೂರು ದಾಟಿತ್ತು. ಕಡೆಗೆ ಮೊರವನ್ನು ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಎದ್ದು, ಮಗಳಿಗಿಂತ ಮುಂದಾಗಿ ಬೀದಿ ದಾಟಿದಳು.

ಬ್ಯಾಗಿನಲ್ಲಿ ಏನೇನಿದೆ ಎಂದು ಅವಳಿಗೆ ತೆರೆಯದೆಯೇ ಗೊತ್ತಿತ್ತು. ಹೆಸರು ಕೊರೆಸಿದ ತಟ್ಟೆ, ಲೋಟ, ಹೊದಿಕೆ, ಎರಡು ಪ್ಯಾಂಟು, ನಾಲ್ಕು ಷರ್ಟು, ಕಪ್ಪಗಾದ ಚಟ್ನಿಪುಡಿಯ ಡಬ್ಬಿ. ವನಿತಾ ಕೈ ಹಾಕಲಿಲ್ಲ. ಕಮಲಮ್ಮನೇ ಒಂದೊಂದು ಬಟ್ಟೆಯನ್ನೂ ತೆಗೆದು, ಮಡಿಕೆ ಬಿಚ್ಚಿ ನೋಡಿ, ಮತ್ತೆ ಮಡಿಸಿ ರಾಮಕ್ಕನ ಕೈಗೆ ಕೊಟ್ಟಳು. "ನನ್ನ ಪೆಟ್ಟಿಗೇಲಿ ಇರ್ತವೆ ಬುಡು" ಅಂದಳು ರಾಮಕ್ಕ. ತಿಳಿಹಸಿರು ಷರ್ಟು ಬಂದಾಗ ಮಾತ್ರ ಅಮ್ಮನ ಕೈ ಮುಂದಕ್ಕೆ ಹೋಗಲಿಲ್ಲ.

"ಅದು ಇರ್ಲಿ. ಅದೂ ನನ್ ಜೊತೆ ಬರ್ಲಿ" ಅಂದಳು ವನಿತಾ.

ಆಮೇಲೆ ಮನೆಗೆ ಓಡಿಹೋಗಿ ಮಂಚದ ಮುಂದೆ ನಿಂತಳು. ಬೆಳಗಿನಿಂದ ತೀರ್ಮಾನವಾಗದಿದ್ದದ್ದು ಈಗ ಐದು ನಿಮಿಷದಲ್ಲಿ ಮುಗಿಯಿತು. ಹೊಸ ತಟ್ಟೆ ಬೇಡ, ಹೊದಿಕೆ ಬೇಡ, ಹಬ್ಬಕ್ಕೆ ಹೊಲಿಸಿದ ಕೆಂಪು ಚೂಡಿದಾರ ಬೇಡ. ಉಳಿದದ್ದನ್ನು ತೋಳಲ್ಲಿ ಅವುಚಿಕೊಂಡು ಬಂದು ಅಣ್ಣನ ತಟ್ಟೆಯ ಸುತ್ತ ತುಂಬಿದಳು.

ಜಿಪ್ಪು ಎಳೆದ ಮೇಲೆ ಕಮಲಮ್ಮ ಸೊಂಟದ ಸಂಚಿ ಬಿಚ್ಚಿ ಒಂದು ಸಣ್ಣ ಬೀಗ ತೆಗೆದಳು. ಬೀಗದ ಕೈಯೆರಡೂ ಅದರಲ್ಲೇ ನೇತಾಡುತ್ತಿದ್ದವು.

"ಇದನ್ನ ತರೋಕಂತ್ಲೇ ಅವತ್ತು ಹೊಸೂರಿಗೆ ಹೋಗಿದ್ದ. ದಾರ ಕಟ್ಕೊಂಡೋಯ್ತೀನಿ ಬುಡಮ್ಮ ಅಂದ. ಹಾಸ್ಟೆಲ್ನಾಗೆ ಕದೀತಾರೆ ಅಂತ ನಾನೇ ಅಟ್ಟಿದ್ದು ಕಣೇ. ಆಸ್ಪತ್ರೇಲಿ ಪೊಲೀಸ್ನೋರು ಫೋನ್ ಜೊತೆ ಇದನ್ನೂ ಕೊಟ್ರು. ನಿಮ್ಮಪ್ಪಂಗೂ ಹೇಳಿಲ್ಲ."

ಎರಡು ವರ್ಷ ಒಬ್ಬಳೇ ಹೊತ್ತದ್ದನ್ನು ಅವಳು ಇಷ್ಟೇ ಮಾತಿನಲ್ಲಿ ಇಳಿಸಿದಳು. ವನಿತಾ ಅಮ್ಮನ ಭುಜ ಹಿಡಿದುಕೊಂಡಳು.

ಕಮಲಮ್ಮ ಬೀಗ ಹಾಕಿ ಎಳೆದು ನೋಡಿದಳು. ಒಂದು ಬೀಗದ ಕೈಯನ್ನು ಮಗಳಿಗೆ ಕೊಟ್ಟು, ಇನ್ನೊಂದನ್ನು ತಾಳಿಯ ದಾರಕ್ಕೆ ಸಿಕ್ಕಿಸಿಕೊಂಡಳು. ನಾಲ್ಕೂವರೆಗೆ ಇನ್ನೂ ಹತ್ತು ನಿಮಿಷವಿತ್ತು.

"ಮಂಗಳವಾರ ಹೋಗಿ ಬಾ" ಅಂದಳು. "ದೀಪಾವಳಿ ರಜಕ್ಕೆ ಬರೋವಾಗ ಇದನ್ನ ಇಲ್ಲಿ ಇಡಬ್ಯಾಡ. ನೆಟ್ಟಗೆ ನಮ್ಮನೆಗೇ ತಕೊಂಬಾ."