ರಿಫತ್ ಆಪಾ ಸೋತ ಹನ್ನೊಂದು ಆಟಗಳು

ಆ ವರ್ಷ ಲಾಹೋರಿನ ಇಛ್ರಾ ಬಜಾರಿನಲ್ಲಿ ಇತ್ಯರ್ಥವಾಗಬೇಕಾಗಿದ್ದ ಅತ್ಯಂತ ಗುರುತರವಾದ ಪ್ರಶ್ನೆಯೆಂದರೆ, ನಿವೃತ್ತ ಮುಖ್ಯೋಪಾಧ್ಯಾಯಿನಿ ರಿಫತ್ ಆಪಾ ಬಕ್ರೀದಿನೊಳಗೆ ಮೊಣಕಾಲಿಗೆ ಬೀಳುವ ಒದೆತವನ್ನು ತಡೆಯಲು ಕಲಿಯುತ್ತಾರೋ ಇಲ್ಲವೋ ಎಂಬುದು. ದೇಶದಲ್ಲಿ ಬೇರೆ ಸಮಸ್ಯೆಗಳೂ ಇದ್ದವು, ಅವು ಕಾಯಬಹುದಿತ್ತು.

ಒದೆತ ಬೀಳುತ್ತಿದ್ದದ್ದು ಟಿವಿ ಪರದೆಯ ಮೇಲೆ. ಒದೆಯುತ್ತಿದ್ದವರು ಬೀಗಿತಿ ಫರ್ಖಂದಾ ಬೇಗಂ. ಅಳಿಯ ಎರಡೂ ಮನೆಗೆ ಒಂದೊಂದು ವಿಡಿಯೋ ಗೇಮ್ ತಂದಿಟ್ಟ ಮೇಲೆ ಇಬ್ಬರು ಹೆಂಗಸರೂ ತಂತಮ್ಮ ಸೋಫಾದಲ್ಲೇ ಕೂತು ಹೊಡೆದಾಟಕ್ಕೆ ಇಳಿದಿದ್ದರು. ಮದುವೆಯಾದ ಮೇಲಿನ ಮೊದಲ ಬಕ್ರೀದಿಗೆ ಸೊಸೆ ಗಂಡನ ಮನೆಯಲ್ಲಿರುವುದು ರೂಢಿ. ಆದರೆ ಫರ್ಖಂದಾ ಒಂದು ದಿನ ಚಹಾ ಕುಡಿಯುತ್ತಾ, "ಶುಕ್ರವಾರ ಐದು ಆಟ ಆಡೋಣ ಆಪಾ. ಮೂರು ಗೆದ್ದುಬಿಡಿ, ಹಬ್ಬದ ಮೊದಲ ದಿನ ಮೆಹ್ರೀನ್‌ನ ನಿಮ್ಮಲ್ಲಿಗೇ ಕಳಿಸ್ತೀನಿ" ಎಂದುಬಿಟ್ಟಿದ್ದರು. ಎಲ್ಲರೂ ನಕ್ಕಿದ್ದರು. ಆಪಾ ನಕ್ಕಿರಲಿಲ್ಲ. ಮೆಹ್ರೀನ್ ಅವರ ಒಬ್ಬಳೇ ಮಗಳು.

ಅಭ್ಯಾಸಕ್ಕೆಂದು ದಿನಕ್ಕೊಂದರಂತೆ ಆಡಿದ ಹನ್ನೊಂದು ಆಟಗಳಲ್ಲಿ ಹನ್ನೊಂದನ್ನೂ ಸೋತ ಮೇಲೆ, ಆಪಾ ಅವುಗಳ ರೀಪ್ಲೇಗಳನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಶಹ್ರೋಜನ ಗೇಮ್ ಅಂಗಡಿಯ ಮೆಟ್ಟಿಲು ಹತ್ತಿದರು. ಶಹ್ರೋಜ್ ಈ ಆಟದಲ್ಲಿ ಬಜಾರಿಗೆಲ್ಲ ಉಸ್ತಾದ್. ಎಂಟನೇ ತರಗತಿಯಲ್ಲಿ ಆಪಾ ಕೈಯಿಂದಲೇ ಗಣಿತಕ್ಕೆ ನೂರಕ್ಕೆ ಹದಿನೇಳು ಪಡೆದವನು. ಅವರನ್ನು ಕಂಡದ್ದೇ ಎದ್ದು ನಿಂತ. ಯಂತ್ರಗಳ ಮುಂದಿದ್ದ ಗಡ್ಡಧಾರಿ ಗಿರಾಕಿಗಳೂ ಕಾರಣ ತಿಳಿಯದೆ ಎದ್ದು ನಿಂತರು.

"ಕೂತ್ಕೊಳ್ರೋ," ಎಂದರು ಆಪಾ. "ಶಹ್ರೋಜ್, ಇದನ್ನ ನೋಡಿ ತಿದ್ದು. ಮೊದಲು ಸರಿಯಾಗಿರೋದು ಹೇಳಬೇಕು, ಆಮೇಲೆ ತಪ್ಪು. ನಾನು ಯಾವ ಮಗುವಿನ ಪುಸ್ತಕಾನೂ ಬರೀ ಕೆಂಪು ಮಾಡಿ ವಾಪಸ್ ಕೊಟ್ಟಿಲ್ಲ."

"ನನ್ನದು ಕೊಟ್ಟಿದ್ರಲ್ಲ ಮಿಸ್."

"ನಿನ್ನದ್ರಲ್ಲೂ ಹುಡುಕಿದೆ. ಮಾರ್ಜಿನ್ ನೇರವಾಗಿದೆ ಅಂತ ಬರೆದಿದ್ದೆ."

ಶಹ್ರೋಜ್ ಮೂರು ಆಟ ನೋಡಿದ. ಅವನೂ ಒಂದು ಮಾರ್ಜಿನ್ ಹುಡುಕುತ್ತಿದ್ದ.

"ನೀವು ಆಡೋಕೆ ಆರಿಸಿಕೊಂಡಿರೋ ಮುದುಕ ಚೆನ್ನಾಗಿದ್ದಾನೆ ಮಿಸ್. ಗಡ್ಡ ನೀಟಾಗಿದೆ."

"ಮರ್ಯಾದಸ್ಥನ ಥರ ಕಾಣ್ತಾನೆ ಅಂತ ತಗೊಂಡೆ. ಮುಂದೆ?"

"ಒಳ್ಳೇದು ಅಲ್ಲಿಗೆ ಮುಗೀತು. ನೋಡಿ, ಇಲ್ಲಿ ನೀವು ಬಟನ್ ಒತ್ತುತಾ ಇಲ್ಲ, ಈರುಳ್ಳಿ ಹೆಚ್ತಾ ಇದ್ದೀರಿ. ಒಂದು ಒತ್ತಿ, ಏನಾಯ್ತು ನೋಡಿ, ಆಮೇಲೆ ಇನ್ನೊಂದು. ಆಕೆ ಮೂರು ಸಲ ಒದ್ದರೆ ಮೂರನೇದು ಯಾವಾಗಲೂ ಮೊಣಕಾಲಿಗೆ. ಎರಡು ಎಣಿಸಿ, ಕೂತುಬಿಡಿ."

ಆಪಾ ನೋಟುಪುಸ್ತಕದಲ್ಲಿ 'ಈರುಳ್ಳಿ ಬೇಡ. ಎರಡಾದ ಮೇಲೆ ಕೂರುವುದು' ಎಂದು ಬರೆದುಕೊಂಡರು.

"ಇನ್ನು ಇದು. ಆಕೆ ಬಿದ್ದಿದ್ದಾರೆ. ನೀವು ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದೀರಿ. ಯಾಕೆ?"

"ಬಿದ್ದವಳ ಮೇಲೆ ಕೈ ಮಾಡೋದಾ? ಬೀಗಿತಿ ಕಣೋ!"

"ನೀವು ಬಿದ್ದಾಗ ಬೀಗಿತಿ ಏನು ಮಾಡ್ತಾರೆ ತೋರಿಸ್ಲಾ?"

"ಬೇಡ. ಅದು ನನಗೆ ಬಾಯಿಪಾಠ."

ಆರನೇ ಆಟಕ್ಕೆ ಬರುವಷ್ಟರಲ್ಲಿ ಶಹ್ರೋಜನಿಗೆ ಇನ್ನೊಂದು ಸಂಗತಿ ಕಂಡಿತು. ಪ್ರತಿ ಆಟದಲ್ಲೂ ಒಮ್ಮೆ ಆಪಾರ ಮುದುಕ ಕಂಬದ ಹಾಗೆ ನಿಂತುಬಿಡುತ್ತಿದ್ದ. ಫರ್ಖಂದಾರ ಚರ್ಮದ ಕೋಟಿನ ಹುಡುಗಿ ಅಷ್ಟರಲ್ಲಿ ಅವನನ್ನು ಗೋಡೆಯವರೆಗೆ ಒದ್ದುಕೊಂಡು ಹೋಗುತ್ತಿದ್ದಳು.

"ಇಲ್ಲಿ ಕರೆಂಟ್ ಹೋಯ್ತಾ ಮಿಸ್?"

"ಇಲ್ಲಪ್ಪ. ಅಜಾನ್ ಆಯ್ತು. ದುಪಟ್ಟಾ ತಲೆ ಮೇಲೆ ಎಳ್ಕೊಂಡೆ. ಅದಕ್ಕೆ ಎರಡು ಕೈ ಬೇಡ್ವಾ?"

"ಹನ್ನೊಂದು ಆಟದಲ್ಲೂ?"

"ಸಾಯಂಕಾಲದ ಅಸರ್ ನಮಾಜಿನ ಅಜಾನ್ ದಿನಾ ಆಗುತ್ತೆ ಶಹ್ರೋಜ್. ನಿನಗೆ ಗೊತ್ತಿರಲಿಕ್ಕಿಲ್ಲ."

ಅವನು ತಲೆ ತಗ್ಗಿಸಿ ಆ ಪೆಟ್ಟು ತಿಂದ. ಪರದೆಯ ಮೂಲೆಯಲ್ಲಿದ್ದ ಹೊತ್ತು ನೋಡಿದ: ಎಲ್ಲ ಆಟಗಳೂ ನಾಲ್ಕೂವರೆಗೆ ಎರಡು ಮೂರು ನಿಮಿಷ ಇರುವಾಗ ಶುರುವಾಗಿದ್ದವು.

"ಅವರ ಬೀದಿಯಲ್ಲಿ ಅಸರ್ ಎಷ್ಟು ಹೊತ್ತಿಗೆ?"

"ಅವರ ಮಸೀದಿ ಬೇರೆ. ಐದು ಗಂಟೆಗೆ."

"ಆಟದ ಹೊತ್ತು ಗೊತ್ತು ಮಾಡೋರು ಯಾರು?"

ಆಪಾ ಕನ್ನಡಕ ತೆಗೆದು ಒರೆಸಿದರು. ಒರೆಸುವಂಥದ್ದೇನೂ ಅದರಲ್ಲಿ ಇರಲಿಲ್ಲ. "ಪಾಪ, ಫರ್ಖಂದಾಗೆ ಅಷ್ಟೆಲ್ಲ ತಲೆ ಓಡಲ್ಲ," ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, "ಓಡುತ್ತೆ," ಎಂದರು.

"ಬೆಳಿಗ್ಗೆ ಹತ್ತಕ್ಕೆ ಆಡೋಣ ಅನ್ನಿ."

"ಅಂದರೆ ನನಗೆ ಗೊತ್ತಾಯ್ತು ಅಂತ ಅವಳಿಗೆ ಗೊತ್ತಾಗುತ್ತೆ. ಮೂವತ್ತು ವರ್ಷ ಆ ಮನೇಲಿ ಮಗಳು ಬಾಳಬೇಕು."

ಶಹ್ರೋಜ್ ಯೋಚಿಸಿದ. ಇಡೀ ಬಜಾರಿಗೆ ಕಠಿಣವಾದ ಪಟ್ಟುಗಳನ್ನು ಹೇಳಿಕೊಟ್ಟವನು, ಈಗ ಹೇಳಬೇಕಾದದ್ದನ್ನು ಹೇಳಲು ಸಂಕೋಚಪಟ್ಟ.

"ಹಾಗಾದರೆ ಮಿಸ್... ಮೊದಲೇ ತಲೆ ಹೊದ್ದು, ಎರಡು ಪಿನ್ನು ಚುಚ್ಚಿಕೊಂಡು ಕೂತ್ಕೊಂಡ್ರೆ?"

ಆಪಾ ಅವನನ್ನು ದಿಟ್ಟಿಸಿ ನೋಡಿದರು. ಹದಿನೇಳು ಅಂಕ ಕೊಟ್ಟ ದಿನವೂ ಹೀಗೇ ನೋಡಿದ್ದರು.

"ಇದನ್ನ ಪರೀಕ್ಷೇಲಿ ಯಾಕೋ ಬರೀಲಿಲ್ಲ ನೀನು?"

"ಕೇಳಿರಲಿಲ್ಲ ಮಿಸ್."

ಮುಂದಿನ ಐದು ದಿನ ಆಪಾ ಮಧ್ಯಾಹ್ನದ ಊಟ ಮುಗಿಸಿ ಬಂದು ಶಹ್ರೋಜನ ಜೊತೆ ಆಡಿದರು. ಅವನು ಬೇಕೆಂದೇ ಬೀಳುತ್ತಿದ್ದ. "ಒದೀರಿ ಮಿಸ್, ನಾನೇನು ನಿಮ್ಮ ಬೀಗನಲ್ಲ" ಎನ್ನುತ್ತಿದ್ದ. ಮೊದಲ ದಿನ ಆಪಾ ಹಿಂಜರಿದರು. ಮೂರನೇ ದಿನ ಅವನು ಏಳುವುದಕ್ಕೇ ಬಿಡಲಿಲ್ಲ. "ಇದು ಹೋಂವರ್ಕ್ ತರದಿದ್ದಕ್ಕೆ," ಎನ್ನುತ್ತಾ ಒಂದು ಕೊಟ್ಟರು, "ಇದು ನಿಮ್ಮಪ್ಪನ ಸಹಿ ನೀನೇ ಹಾಕಿದ್ದಕ್ಕೆ," ಎನ್ನುತ್ತಾ ಇನ್ನೊಂದು. ಗಿರಾಕಿಗಳು ತಮ್ಮ ಆಟ ಬಿಟ್ಟು ಸುತ್ತ ನಿಂತು, ಉಸ್ತಾದನ ಹಳೆಯ ಅಪರಾಧಗಳನ್ನು ಒಂದೊಂದಾಗಿ ತಿಳಿದುಕೊಂಡರು.

ಶುಕ್ರವಾರ ನಾಲ್ಕೂವರೆಗೆ ಎರಡು ನಿಮಿಷವಿರುವಾಗ ಆಟ ಶುರುವಾಯಿತು. ಪಿನ್ನು ಚುಚ್ಚಿಕೊಂಡು ಕೂತಿದ್ದ ಆಪಾ ಎರಡು ಸೋತರು, ಮೂರು ಗೆದ್ದರು. ಬಕ್ರೀದಿನ ಮೊದಲ ದಿನ ಮೆಹ್ರೀನ್ ತವರಿನಲ್ಲಿ ಉಂಡಳು.