ನಾಲ್ಕು ಬೋಲ್ಟಿನ ಜಾಗ

ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಕೊಳ್ಳಲು ಹೊರಟ ಬೆಳಿಗ್ಗೆ ಅಕ್ಕ ನನ್ನ ನೀಲಿ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು. "ದೊಡ್ಡ ಅಂಗಡಿ ಕಣೋ. ಗ್ರೀಸ್ ಅಂಗೀಲಿ ಹೋದ್ರೆ ಒಳಗೇ ಬಿಡಲ್ಲ" ಎಂದು ಕಾಲರನ್ನು ತಾನೇ ಮಡಚಿ ಸರಿ ಮಾಡಿದಳು. ನಾನು ಶಾಲೆಗೆ ಹೋಗುತ್ತಿದ್ದ ಕಾಲದ ನಂತರ ಅವಳು ಹಾಗೆ ನನ್ನ ಕಾಲರ್ ಹಿಡಿದು ನಿಂತದ್ದಿಲ್ಲ. ಹೊರಗೆ ಭಾವ ಹಾರ್ನ್ ಒತ್ತುತ್ತಿದ್ದರು.

ನಮ್ಮ ದುಡಿಮೆ ಮರಳಿನದು. ಊರಿನ ಡಾಂಬರು ಮುಗಿದಲ್ಲಿ ಮರಳುಗುಡ್ಡಗಳು ಶುರುವಾಗುತ್ತವೆ. ಅವುಗಳ ಆಚೆ ಸಮುದ್ರ. ಮೀನಿನ ವ್ಯಾಪಾರಿಗಳು, ಲೈಟ್‌ಹೌಸಿನ ಕೆಲಸದವರು, ಸುಮ್ಮನೆ ನೋಡಲು ಬರುವವರು, ಎಲ್ಲರನ್ನೂ ಭಾವನ ಜೀಪು ಅಲ್ಲಿಗೆ ಮುಟ್ಟಿಸುತ್ತದೆ. ಮರಳಿಗೆ ಇಳಿಯುವ ಮುನ್ನ ಟೈರಿನ ಗಾಳಿಯನ್ನು ಅರ್ಧಕ್ಕೆ ಇಳಿಸಬೇಕು. ಆಗ ಟೈರು ಒಂಟೆಯ ಪಾದದಂತೆ ಅಗಲವಾಗಿ, ಹೂತುಹೋಗದೆ ನಡೆಯುತ್ತದೆ. ವಾಪಸ್ಸು ಡಾಂಬರು ಮುಟ್ಟಿದಾಗ ಮತ್ತೆ ತುಂಬಬೇಕು. ಇಳಿಸುವುದೂ ತುಂಬುವುದೂ ನನ್ನ ಕೆಲಸ. ಜೀಪಿನೊಳಗೆ, ಹಿಂದಿನ ಚಕ್ರವನ್ನು ಮುಚ್ಚಿದ ತಗಡಿನ ಉಬ್ಬಿನ ಮೇಲೆ ನಾಲ್ಕು ಬೋಲ್ಟು ಹಾಕಿ ಕೂರಿಸಿದ ಮಡಚುವ ಸೀಟು ನನ್ನದು. ಬಾಗಿಲ ಪಕ್ಕವೇ ಇದ್ದುದರಿಂದ ಜೀಪು ನಿಲ್ಲುವ ಮೊದಲೇ ನಾನು ಕೆಳಗಿರುತ್ತಿದ್ದೆ.

ಗಾಳಿಯ ಮೀಟರು ಒಡೆದು ಎಷ್ಟೋ ವರ್ಷವಾಗಿತ್ತು. ನಾನು ಮಂಡಿಯೂರಿ, ವಾಲ್ವ್ ಒತ್ತಿ, ಕೇಳುತ್ತಿದ್ದೆ. ತುಂಬಿದ ಟೈರು ಸಿಡುಕುತ್ತ ಶುರುಮಾಡಿ ಇಳಿಯುತ್ತ ಇಳಿಯುತ್ತ ಸಮಾಧಾನಕ್ಕೆ ಬರುತ್ತದೆ. ಚಿಕ್ಕಂದಿನಲ್ಲಿ ಅಪ್ಪ ಸಂಜೆ ಹೊತ್ತು ರಾಗವಾಗಿ ಪದ್ಯ ಓದುತ್ತಿದ್ದರು. ಅರ್ಥವಾಗುವ ವಯಸ್ಸಲ್ಲದಿದ್ದರೂ ಅವರ ಉಸಿರು ಎಲ್ಲಿ ತುಂಬಿತು, ಎಲ್ಲಿ ಮುಗಿಯುತ್ತ ಬಂತು ಎಂಬುದು ನನಗೆ ತಿಳಿಯುತ್ತಿತ್ತು. ಟೈರಿನದೂ ಅಂಥದೇ. ಸಾಲು ಮುಗಿಯುವ ಕಡೆ ಬೆರಳು ತೆಗೆದರಾಯಿತು.

"ನಮ್ಮ ಭಾವಮೈದನ ಕಿವಿ ಇರೋವಾಗ ಮೀಟರ್ ಯಾಕ್ರೀ" ಎಂದು ಭಾವ ಗಿರಾಕಿಗಳ ಮುಂದೆ ಹೇಳುವರು. ನಾನು ಮಾತಿನವನಲ್ಲ. ಆ ಒಂದು ಮಾತನ್ನು ಮಾತ್ರ ದೇವರ ಮುಂದಿಟ್ಟ ಹೂವಿನ ಹಾಗೆ ಬಾಡದಂತೆ ಕಾಪಾಡಿಕೊಂಡಿದ್ದೆ.

ತೊಂದರೆ ಇದ್ದದ್ದು ತುಂಬುವುದರಲ್ಲಿ. ನಮ್ಮ ಪುಟ್ಟ ಪಂಪು ಎರಡನೇ ಟೈರಿಗೇ ಕೆಂಡವಾಗಿ ನಿಂತುಬಿಡುತ್ತಿತ್ತು. ಅದು ಆರುವವರೆಗೆ ಗಿರಾಕಿಗಳು ಬಿಸಿಲಲ್ಲಿ ಬೇಯುವರು. "ಏನಪ್ಪಾ, ಗಾಳಿ ತುಂಬ್ತಿದ್ದೀಯೋ, ಟೈರಿಗೆ ಕಥೆ ಹೇಳ್ತಿದ್ದೀಯೋ?" ಎಂದು ಒಬ್ಬ ಮೀನಿನ ವ್ಯಾಪಾರಿ ಕೇಳಿದ ದಿನ, ಜೀಪಿನಲ್ಲೇ ಒಂದು ಒಳ್ಳೆಯ ಕಂಪ್ರೆಸರ್ ಕೂರಿಸಿಬಿಡೋಣ ಎಂದರು ಭಾವ. "ನೀನೇ ಆರಿಸು. ನನಗೆ ಇದರ ಗಂಧಗಾಳಿ ಇಲ್ಲ."

ಅಂಗಡಿಯವನು ಗಾಜಿನ ಕಟ್ಟೆಯ ಮೇಲೆ ಮೂರು ಇಟ್ಟ. ಮೊದಲನೆಯದು ಎಂಜಿನ್ ಬೆಲ್ಟಿಗೆ ಕಟ್ಟುವಂಥದು. "ಆನೆ ಬಲ" ಎಂದ.

"ಎಂಜಿನ್ ನಿಂತ್ರೆ?"

"ಆನೇನೂ ನಿಂತ್ಕೊಳ್ಳುತ್ತೆ."

ಎರಡನೆಯದು ಬ್ಯಾಟರಿಯದು, ಒಂಟಿ ಮೋಟರು, ಬಾನೆಟ್ಟಿನೊಳಗೆ ಹಿಡಿಯುವಷ್ಟು ಸಣ್ಣದು. ಆದರೆ ಅದೂ ನಡುನಡುವೆ ದಣಿವಾರಿಸಿಕೊಳ್ಳುವ ಜಾತಿ. ಮೂರನೆಯದಕ್ಕೆ ಎರಡು ಮೋಟರು, ಜೊತೆಗೊಂದು ಪುಟ್ಟ ಟ್ಯಾಂಕು, ನಾಲ್ಕು ಟೈರಿಗೂ ಒಟ್ಟಿಗೆ ಸಿಕ್ಕಿಸುವ ನಾಲ್ಕು ಪೈಪು. ಎಷ್ಟು ಗಾಳಿ ಬೇಕೆಂದು ತಿಳಿಸಿದರೆ ಇಳಿಸುವುದನ್ನೂ ತುಂಬುವುದನ್ನೂ ತಾನೇ ಮಾಡಿ ನಿಲ್ಲುತ್ತದೆ.

ಮೊದಲನೆಯದನ್ನು ಅಂಗಡಿಯ ಮೋಟರಿಗೆ ಕಟ್ಟಿಸಿ, ಮೂರನ್ನೂ ಓಡಿಸಿ ತೋರಿಸಲು ಹೇಳಿ ಕಣ್ಣು ಮುಚ್ಚಿದೆ.

"ನಿಮ್ಮವರಿಗೆ ನಿದ್ದೆ ಬಂತಾ?" ಎಂದ ಅಂಗಡಿಯವನು.

"ಅವನು ನೋಡೋದೇ ಕಿವಿಯಿಂದ. ಕನ್ನಡಿ ಮುಂದೇನೂ ಕಣ್ಣು ಮುಚ್ಚೇ ನಿಲ್ತಾನೆ" ಎಂದರು ಭಾವ.

"ಓ, ಅದಕ್ಕೇ ತಲೆಗೂದಲು ಹಾಗೆ ಕೆದರಿದೆ."

ಮೊದಲ ಎರಡಕ್ಕೂ ದನಿ ಇತ್ತು, ಲಯವಿರಲಿಲ್ಲ. ಮೂರನೆಯದರ ಎರಡು ಮೋಟರುಗಳು, ಇಬ್ಬರು ಕೂತು ಒಂದೇ ಪದ್ಯವನ್ನು ಒಬ್ಬರನ್ನೊಬ್ಬರು ತುಳಿಯದೆ ಓದಿದ ಹಾಗೆ ಓಡಿದವು. "ಇದೇ ಇರಲಿ ಭಾವ" ಎಂದೆ.

ಅಲ್ಲಿಯವರೆಗೆ ಮೆಷಿನ್ನಿನ ಬಗ್ಗೆ ಏನೂ ವಿಚಾರಿಸದಿದ್ದ ಭಾವ ಒಂದೇ ಪ್ರಶ್ನೆ ಕೇಳಿದರು. "ಇದನ್ನ ಒಬ್ಬನೇ ನೋಡ್ಕೋಬಹುದಾ?"

"ನೋಡೋದೇನು ಬಂತು ಸಾರ್? ಬಟನ್ ಒತ್ತಿ ಬೆನ್ನು ತಿರುಗಿಸಿ."

ಭಾವ ನನ್ನ ಹೆಗಲ ಮೇಲೆ ಕೈಯಿಟ್ಟರು. "ನಿನ್ನ ಮಂಡಿಗಳಿಗೆ ಪುಣ್ಯಕಾಲ ಬಂತು ನೋಡು."

ನಾನು ನಕ್ಕೆ. ಹಿಗ್ಗಿನಲ್ಲಿ ಇನ್ನೂ ಏನೇನೋ ಆರಿಸಿದೆ. ಹೊರಬರುವ ಗಾಳಿ ಸುಡುತ್ತದೆಂದು ತಂತಿ ಹೆಣೆದ ಪೈಪು, ಬ್ಯಾಟರಿಯ ಪಕ್ಕಕ್ಕೇ ಒಂದು ಫ್ಯೂಸು, ಧೂಳು ತಡೆಯುವ ದೊಡ್ಡ ಫಿಲ್ಟರು. ಮನೆಯ ಹೆಣ್ಣುಮಗಳಿಗೆ ಒಡವೆ ಆರಿಸುವಾಗಲೂ ಯಾರೂ ಅಷ್ಟು ಹೊತ್ತು ನಿಂತಿರಲಿಕ್ಕಿಲ್ಲ.

ದಾರಿಯಲ್ಲಿ ಕೇಳಿದೆ, "ಎಲ್ಲಿ ಕೂರಿಸೋದು ಭಾವ? ಬಾನೆಟ್ ಒಳಗೆ ಬಿಸಿ. ಗಾಡಿ ಕೆಳಗೆ ಉಪ್ಪುನೀರು, ಕಲ್ಲೇಟು. ನಿಮ್ಮ ಸೀಟಿನ ಅಡಿ ಇಟ್ರೆ?"

"ಅಲ್ಲಿ ಜಾಕಿ, ಹಗ್ಗ ಎಲ್ಲಾ ಇದೆಯಲ್ಲೋ. ಗ್ಯಾರೇಜ್ ಮೇಸ್ತ್ರಿ ಹತ್ರ ನಾನು ಮಾತಾಡ್ತೀನಿ ಬಿಡು."

"ಧೂಳು ಬಡೀಬಾರದು."

"ಧೂಳು ಬಡೀಬಾರದು, ಬಿಸಿ ತಟ್ಟಬಾರದು, ನೀರು ಮುಟ್ಟಬಾರದು. ತಿಳೀತು ಮಾರಾಯ."

ಆ ಮೂರು ಗುಣವೂ ಇರುವ ಜಾಗ ಜೀಪಿನಲ್ಲಿ ಒಂದೇ ಒಂದಿತ್ತು. ನನಗದು ಹೊಳೆಯಲಿಲ್ಲ. ದಿನಾ ಕೂರುವ ಜಾಗ ಯಾರ ಕಣ್ಣಿಗೆ ಬೀಳುತ್ತದೆ?

ಫಿಲ್ಟರಿನ ಡಬ್ಬ ಮನೆಯಲ್ಲೇ ಉಳಿದಿತ್ತು. ಮಾರನೆಯ ದಿನ ಅದನ್ನು ಕೊಡಲು ಮೇಸ್ತ್ರಿಯ ಶೆಡ್ಡಿಗೆ ಹೋದೆ. ಜೀಪಿನ ಹಿಂಬಾಗಿಲು ತೆರೆದಿತ್ತು. ನನ್ನ ಸೀಟು ಹೊರಗೆ ಗೋಡೆಗೆ ಒರಗಿತ್ತು. ಕೆಲಸಕ್ಕೆ ಅಡ್ಡವಾಯಿತೆಂದು ಬಿಚ್ಚಿರಬೇಕು ಎಂದುಕೊಂಡು ಒಳಗೆ ಬಗ್ಗಿದೆ. ಚಕ್ರದ ಉಬ್ಬಿನ ಮೇಲೆ ಟ್ಯಾಂಕು, ಅದರ ಪಕ್ಕ ಜೋಡಿ ಮೋಟರು ಕೂತಿದ್ದವು. ಅವುಗಳ ಅಡಿಯ ತಗಡಿನ ನಾಲ್ಕು ಬೋಲ್ಟುಗಳು ನನ್ನ ಸೀಟಿನ ನಾಲ್ಕು ತೂತುಗಳಲ್ಲೇ ಇಳಿದಿದ್ದವು.

"ಹೊಸ ತೂತು ಕೊರೆಯೋ ಕೆಲಸಾನೇ ಬರಲಿಲ್ಲ ನೋಡು" ಎಂದು ಮೇಸ್ತ್ರಿ ವೆಲ್ಡಿಂಗಿನ ಮುಖವಾಡ ಮೇಲೆತ್ತಿದರು. "ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿದೆ. ಅದಿರಲಿ, ನೀನೆಲ್ಲಿ ಸೇರ್ಕೊಂಡೆ?"

"ಎಲ್ಲಿ ಅಂದ್ರೆ?"

"ಬೇರೆ ಕೆಲಸ ಸಿಕ್ತಂತೆ, ಜೀಪು ಬಿಟ್ಟೆಯಂತೆ. ನಿಮ್ಮ ಭಾವ ಅಂದ್ರಲ್ಲ?"

ನನ್ನ ಮುಖದಲ್ಲಿ ಏನು ಕಂಡಿತೋ. ಮೇಸ್ತ್ರಿ "ನಾನೇನೂ ಹೇಳಿಲ್ಲಪ್ಪಾ" ಎನ್ನುತ್ತ ಮುಖವಾಡ ಇಳಿಸಿಕೊಂಡು, ಬೆಸೆಯಲು ಏನೂ ಇಲ್ಲದ ಕಂಬಿಯೊಂದಕ್ಕೆ ಕಿಡಿ ಹಾರಿಸತೊಡಗಿದರು. ನಾನು ಡಬ್ಬವನ್ನು ಬೆಂಚಿನ ಮೇಲಿಟ್ಟೆ. "ಫಿಲ್ಟರ್ ಎತ್ತರದಲ್ಲಿ ಹಾಕಿ. ನೀರು ಎಳ್ಕೋಬಾರದು" ಎಂದೆ.

ಸಂಜೆ ಭಾವ ಹಿತ್ತಲ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದರು.

"ಭಾವ, ನನ್ನ ಸೀಟು ಗೋಡೆಗೆ ಒರಗಿದೆ."

ಅವರು ಸೋಪು ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಹೇಳೋಣ ಅಂತಾನೇ ಇದ್ದೆ."

"ಅಂಗಡಿಗೆ ಹೋಗೋ ಮುಂಚೆ ಹೇಳಬಹುದಿತ್ತು."

"ಹೇಳಿದ್ರೆ ನೀನು ಬರ್ತಿದ್ಯಾ? ನಾನೊಬ್ಬನೇ ಹೋಗಿದ್ರೆ ಆ ಅಂಗಡಿಯವನು ನನಗೆ ಮೋಸ ಮಾಡಿಬಿಡ್ತಿದ್ದ."

ಅವರು ಕುಹಕಕ್ಕೆ ಹೇಳಿರಲಿಲ್ಲ. ಮನಸ್ಸಿನಲ್ಲಿದ್ದದ್ದನ್ನೇ ಹೇಳಿದ್ದರು.

"ಮನೆ ಬಿಟ್ಟು ಹೋಗು ಅಂದ್ನಾ? ಊಟ ಇಲ್ಲೇ, ನಿದ್ದೆ ಇಲ್ಲೇ. ಕೆಲಸವಿಲ್ಲದೆ ಗಾಡೀಲಿ ಕೂತು ನೀನಾದ್ರೂ ಏನು ಮಾಡ್ತೀಯ?" ಕೈ ಒರೆಸಿಕೊಳ್ಳುತ್ತ ಸೇರಿಸಿದರು, "ಅಷ್ಟಕ್ಕೂ ಆರಿಸಿದ್ದು ನೀನೇ ಅಲ್ವಾ?"

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಕ್ಕ ಹೊರಗೆ ಬರಲಿಲ್ಲ. ಈಗಷ್ಟೇ ಕೇಳಿ ದಂಗಾಗಿರಬೇಕು, ಪಾಪ, ಅನ್ನಿಸಿತು. ಗಂಡನಿಗೆ ಅನ್ನುವ ಹಾಗಿಲ್ಲ, ತಮ್ಮನಿಗೆ ಮುಖ ತೋರಿಸುವ ಹಾಗಿಲ್ಲ. ನನ್ನ ನೋವಿನ ನಡುವೆಯೂ ಅವಳಿಗಾಗಿ ಒಂದಿಷ್ಟು ಮರುಗಿದೆ. ಈ ಮನೆಯಲ್ಲಿ ನನ್ನ ಕಡೆಯವರು ಒಬ್ಬರಿದ್ದಾರೆ ಎಂಬುದೇ ದೊಡ್ಡ ಆಸರೆಯಾಗಿತ್ತು.

ಕೆಲಸ ಮುಗಿದು ಜೀಪು ಅಂಗಳಕ್ಕೆ ಬಂದ ಬೆಳಿಗ್ಗೆ ಲೈಟ್‌ಹೌಸಿನವರೊಬ್ಬರು, ಕಂಕುಳಲ್ಲಿ ಕೂಸು ಹೊತ್ತ ಅವರ ಹೆಂಡತಿ ಸಾಮಾನಿನೊಂದಿಗೆ ಕಾಯುತ್ತಿದ್ದರು. ಹೊರಡುವ ಮುನ್ನ ಭಾವ ನಾಲ್ಕೂ ಪೈಪು ಸಿಕ್ಕಿಸಿ ಗತ್ತಿನಿಂದ ಬಟನ್ ಒತ್ತಿದರು.

"ನಾಲ್ಕು ಕಾಲಿಗೂ ಗ್ಲೂಕೋಸ್ ಹಾಕಿದ ಹಾಗಿದೆಯಲ್ರೀ!" ಎಂದರು ಲೈಟ್‌ಹೌಸಿನವರು.

ಜೀಪು ಸಮವಾಗಿ ಮೇಲೆದ್ದಿತು. ಇದ್ದದ್ದನ್ನು ಹೇಳಬೇಕು, ನನ್ನ ಕಿವಿಗಿಂತ ಚೆನ್ನಾಗಿಯೇ ತುಂಬಿತು. ಮೋಟರು ತಾನೇ ನಿಂತಿತು. ಆ ಮೌನದಲ್ಲಿ ನನಗೆ ಅದು ಕೇಳಿಸಿತು. ಕೂದಲೆಳೆಯಷ್ಟು ಸಣ್ಣಗೆ, ಟ್ಯಾಂಕಿನ ಬುಡದ ಎಡಗಡೆ, ಗಾಳಿ ಸೋರುತ್ತಿತ್ತು.

ಟ್ಯಾಂಕು ಸೋರಿದರೆ ಅದನ್ನು ತುಂಬಲು ಮೋಟರು ಮತ್ತೆ ಮತ್ತೆ ಎದ್ದು ಓಡುತ್ತದೆ. ದಣಿವಾರದೆ ಓಡಿ, ಮರಳಿನ ನಡುವೆ, ನೆತ್ತಿಯ ಬಿಸಿಲಿನಲ್ಲಿ ಸುಟ್ಟುಹೋಗುತ್ತದೆ. ಹಳೆಯ ಪಂಪನ್ನು ಭಾವ ಆಗಲೇ ಯಾರಿಗೋ ಕೊಟ್ಟಾಗಿತ್ತು. ಇಳಿಸಿದ ಟೈರಿಗೆ ಮತ್ತೆ ಗಾಳಿ ತುಂಬಲಾಗದೆ ಎಲ್ಲರೂ ಬಿಸಿಲಲ್ಲೇ ಸಿಕ್ಕಿಬೀಳುತ್ತಾರೆ.

"ಹೇಗಿದೆಯೋ?" ಎಂದರು ಭಾವ.

ಚೆನ್ನಾಗಿದೆ ಅಂದರೆ ಮುಗಿಯಿತು. ಎಂಜಿನ್ ಶುರುವಾದರೆ ಆ ಸದ್ದು ದೇವರಿಗೂ ಕೇಳಿಸದು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೂಸು ತಾಯಿಯ ಸೆರಗಿನ ಅಂಚನ್ನು ಬಾಯಿಗಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು.

"ಟ್ಯಾಂಕಿನ ಬುಡ ಸೋರ್ತಿದೆ. ಎಡಗಡೆ ನಟ್ಟು."

ಯಾರೂ ನಂಬಲಿಲ್ಲ. ಸೋಪಿನ ನೊರೆ ಹಚ್ಚಿದೆ. ನೊರೆಯಲ್ಲಿ ಒಂದೇ ಒಂದು ಗುಳ್ಳೆ ನಿಧಾನವಾಗಿ ಉಬ್ಬಿ ಒಡೆಯಿತು. ಭಾವ ನಟ್ಟು ಬಿಗಿದರು, ಸೋರುವುದು ನಿಂತಿತು. ಅವರು ನನ್ನ ಬೆನ್ನು ತಟ್ಟಿ, ಗಿರಾಕಿಗಳ ಕಡೆ ತಿರುಗಿ, "ನೋಡಿದ್ರಾ? ಇದಕ್ಕೇ ನಮಗೆ ಇವನು ಬೇಕು ಅನ್ನೋದು!" ಎಂದರು. ಎಲ್ಲರೂ ಹತ್ತಿದರು. ನಾನು ದಿನಾ ಹಾರಿ ಇಳಿಯುತ್ತಿದ್ದ ಹಿಂಬಾಗಿಲನ್ನು ಭಾವನೇ ಬಂದು ಮುಚ್ಚಿ, ಹೊರಟುಹೋದರು.

ಅಕ್ಕ ಚಹಾ ತಂದಳು. "ಯಾಕೆ ಹೇಳಿದೆ? ನಾನಾಗಿದ್ರೆ ಹೇಳ್ತಿರಲಿಲ್ಲ."

"ಕೂಸಿತ್ತಲ್ಲ ಅಕ್ಕ."

ಅವಳ ಕಣ್ಣು ತುಂಬಿತು. "ನೀನು ಹೀಗೆ ಅಂತಾನೇ ನಾನು ಅವರಿಗೆ ಅಂದಿದ್ದು. ಕೆಲಸದಿಂದ ತೆಗೀಲೇಬೇಕು ಅಂದ್ರೆ ತೆಗೀರಿ, ಅಂಗಡಿಗಾದ್ರೂ ಅವನನ್ನ ಕರ್ಕೊಂಡು ಹೋಗಿ, ಕೊನೇ ಸಲ ಒಂದು ಸಂತೋಷ ಇರಲಿ ಅಂತ."

ಚಹಾದ ಲೋಟ ನನ್ನ ಕೈಯಲ್ಲೇ ಇತ್ತು. ಹಾಗಾದರೆ ಅವಳು ಇಸ್ತ್ರಿಪೆಟ್ಟಿಗೆ ಕಾಯಿಸುವಾಗಲೇ ಎಲ್ಲ ತೀರ್ಮಾನವಾಗಿತ್ತು. ಭಾವನದು ಬೆನ್ನಿಗೆ ಬಿದ್ದ ಏಟು. ಇದು ತುತ್ತು ಕೊಟ್ಟ ಕೈಯದು.

ಲೋಟವನ್ನು ಕಟ್ಟೆಯ ಮೇಲಿಟ್ಟು, ಒಳಗೆ ಹೋಗಿ ಗ್ರೀಸ್ ಅಂಗಿ ಹಾಕಿಕೊಂಡು ಬಂದೆ.

"ಎಲ್ಲಿಗೋ?"

"ಮೇಸ್ತ್ರಿ ಹತ್ರ. ನನ್ನ ಸೀಟು ತಗೊಳ್ಳೋಕೆ."

"ಅದನ್ನ ಇಟ್ಕೊಂಡು ಏನ್ಮಾಡ್ತೀಯೋ?"

"ಯಾರದೋ ಗಾಡೀಲಿ ನಾಲ್ಕು ಬೋಲ್ಟಿಗೆ ಜಾಗ ಇರುತ್ತೆ ಅಕ್ಕ."

ಅವಳು ಹತ್ತಿರ ಬಂದು, ಅಭ್ಯಾಸಬಲದಿಂದಲೋ ಏನೋ, ನನ್ನ ಕಾಲರ್ ಸರಿ ಮಾಡಲು ಕೈಯೆತ್ತಿದಳು. ನಾನು ಒಂದು ಹೆಜ್ಜೆ ಹಿಂದೆ ಸರಿದೆ.